ಅಳುವಾಗ ಆಡಿದ ಮಾತು

ಇಜೇರಿಯ ಬುದ್ಧನಗರದಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಸುದ್ದಿ ಹೋಗುವುದು ಮಲ್ಕಮ್ಮನ ಮನೆಗೆ. ಮೊಣಕಾಲು ಎಷ್ಟೇ ನೋಯುತ್ತಿರಲಿ, ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು ಹೊರಡುತ್ತಾಳೆ. ಹೆಣದ ತಲೆಯ ಬಳಿ ಅವಳಿಗಾಗಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಕೂರುತ್ತಾಳೆ. ಆಮೇಲೆ ಸತ್ತವರ ಹೆಸರು ಹಿಡಿದು ಒಂದು ದನಿ ತೆಗೆಯುತ್ತಾಳೆ. ಆ ದನಿ ಕೇಳಿದ ಮೇಲೆ ಓಣಿಯ ಹೆಂಗಸರಲ್ಲಿ ಯಾರೂ ಒಲೆಯ ಮುಂದೆ ಕೂತಿರಲಾರರು.

ಇದಕ್ಕೆ ಅಲ್ಲಿಯವರು ಹಾಡ್ಯಾಡಿ ಅಳೂದು ಅನ್ನುತ್ತಾರೆ. ಸತ್ತವರು ಹುಟ್ಟಿದ್ದು, ಬೆಳೆದದ್ದು, ಉಂಡದ್ದು, ಉಪವಾಸ ಬಿದ್ದದ್ದು ಎಲ್ಲ ಆ ಅಳುವಿನಲ್ಲಿ ಬರಬೇಕು. ಕೊನೆಗೆ, ತಲೆಯ ಬಳಿ ಕೂತವಳು ಸಾವಿನ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳಬೇಕು. ಸತ್ತವರು ಯಾರ ಮೇಲೂ ಸಿಟ್ಟು ಇಟ್ಟುಕೊಂಡು ಹೋಗಬಾರದು, ಆ ಸಿಟ್ಟನ್ನು ಇವಳು ಇಳಿಸಿಕೊಳ್ಳಬೇಕು ಎಂಬುದು ಹಿಂದಿನಿಂದ ಬಂದ ನಡೆ. ಕುಡಿದು ಕುಡಿದು ಸತ್ತ ಗಂಡನ ಮುಂದೆ ಹೆಂಡತಿ, “ನಾ ಬಿಸಿ ರೊಟ್ಟಿ ಬಡೀಲಿಲ್ಲೋ, ಅದಕ್ಕ ನೀ ಹೊರಬಿದ್ದಿಯೋ” ಎಂದು ಅಳುತ್ತಾಳೆ. ಅವನು ಯಾಕೆ ಸತ್ತ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಮಣ್ಣು ಕೊಟ್ಟು ಬಂದ ಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ಓಣಿಯವರು ಬೌದ್ಧರಾದ ಮೇಲೆ ಹೆಣದ ಮುಂದೆ ವಂದನೆ ಹೇಳುವುದು ಬಂತು, ಮೊದಲಿನ ಎಷ್ಟೋ ಆಚರಣೆಗಳು ಹೋದವು. ಅಳುವ ಈ ಪದ್ಧತಿ ಮಾತ್ರ ಉಳಿಯಿತು.

ಮಲ್ಕಮ್ಮ ಮೊದಲ ಸಲ ಹೀಗೆ ಅತ್ತದ್ದು ತನ್ನ ತಾಯಿ ಮಾಪಮ್ಮನ ತಲೆಯ ಬಳಿ. ಆಗ ಅವಳಿನ್ನೂ ಮೈ ನೆರೆದಿರಲಿಲ್ಲ. ತಮ್ಮ ದೇವೀಂದ್ರಪ್ಪ ಅವಳ ತೊಡೆಯ ಮೇಲಿದ್ದ, ಅಂಗಿ ಹಾಕಿಕೊಳ್ಳಲೂ ಬಾರದ ಹುಡುಗ. ಅಪ್ಪ ಸೊಲ್ಲಾಪುರದ ಗಿರಣಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅಂದಿನಿಂದ ತಮ್ಮನಿಗೆ ಅವಳೇ ಅವ್ವ. ಅವನನ್ನು ಬಿಟ್ಟು ದೂರ ಹೋಗಲಾರೆ ಎಂದು ಊರಲ್ಲೇ ಲಗ್ನ ಮಾಡಿಕೊಂಡಳು. ತೊಗರಿ ಹೊಲದಲ್ಲಿ ಕಸ ತೆಗೆದು, ಜೋಳ ಕಿತ್ತು, ಅವನನ್ನು ಜೇವರ್ಗಿಯ ಹಾಸ್ಟೆಲಿಗೆ ಕಳಿಸಿದಳು. ಅಲ್ಲಿಂದ ಅವನು ಪತ್ರ ಬರೆಯುತ್ತಿದ್ದ. ಓದಿ ಹೇಳುವ ಮಾಸ್ತರರ ಮುಂದೆ ಅವಳು ನೆಲದ ಮೇಲೆ ಕೂತು ಕೇಳುತ್ತಿದ್ದಳು. ಹಾಸ್ಟೆಲಿನ ಸಾರಿನಲ್ಲಿ ಬೇಳೆಗಿಂತ ತನ್ನ ಮುಖವೇ ಹೆಚ್ಚು ಕಾಣುತ್ತದೆ ಎಂದು ಅವನು ಬರೆದರೆ ಮಾಸ್ತರರೂ ನಗುತ್ತಿದ್ದರು.

ಹುಡುಗ ಓದಿದ. ಆಳಂದದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಉಪನ್ಯಾಸಕನಾದ, ಅಲ್ಲೇ ಮನೆ ಕಟ್ಟಿದ, ಕಾದಂಬರಿಗಳನ್ನು ಬರೆದು ಹೆಸರು ಮಾಡಿದ. ಅವನ ಪ್ರತಿ ಕಾದಂಬರಿಯಲ್ಲೂ ಒಬ್ಬ ಅಕ್ಕ ಇರುತ್ತಿದ್ದಳು. ಊರಿಗೆ ಬಂದಾಗ ಅವನೇ ಕಥೆ ಹೇಳುತ್ತಿದ್ದ, ಮಲ್ಕಮ್ಮ ತೊಗರಿ ಆರಿಸುತ್ತ ಕೇಳುತ್ತಿದ್ದಳು. ಒಂದರಲ್ಲಿ ಅಕ್ಕ ಭೀಮಾ ನದಿಗೆ ಹಾರಿ ಸಾಯುತ್ತಾಳೆ.

“ಬ್ಯಾಸಗ್ಯಾಗ ಹಾರಿದೆನೋ, ಮಳಿಗಾಲದಾಗೋ?” ಎಂದು ಮಲ್ಕಮ್ಮ ಕೇಳಿದಳು.

“ಬ್ಯಾಸಗ್ಯಾಗ.”

“ಆಗ ಮೊಣಕಾಲು ಮಟ ನೀರಿರಂಗಿಲ್ಲ. ಅಂಗಾತ ಮಲಕೊಂಡು ಸತ್ತೆನೇನೋ ನಾನು?”

“ಅದು ಕಥಿ ಅಕ್ಕ.”

“ಕಥಿಯಾದ್ರ ಇರಲಿ. ಹೋದ ಸಲ ಒಬ್ಬ ಕುಂಟಗ ಕೊಟ್ಟು ಲಗ್ನ ಮಾಡಿದ್ದಿ, ಅದಕ್ಕಿಂತ ಇದೇ ಛೊಲೋ.”

ನಿವೃತ್ತಿಯಾದ ವರ್ಷ ದೇವೀಂದ್ರಪ್ಪ ತನ್ನ ಆತ್ಮಕಥನ ಬರೆದ. ಕಲಬುರಗಿಯಲ್ಲಿ ಬಿಡುಗಡೆ ಆಯಿತು. ಮಲ್ಕಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಒಬ್ಬರು ಮೈಕಿನಲ್ಲಿ, ಇಂಥ ಸತ್ಯವನ್ನು ಬರೆಯಲು ಎದೆಗಾರಿಕೆ ಬೇಕು ಎಂದರು. ಅವಳು ತಮ್ಮನ ಕಿವಿಯಲ್ಲಿ, “ಇದೂ ಕಥೀನಾ?” ಎಂದು ಕೇಳಿದಳು. “ಇಲ್ಲಕ್ಕ. ಇದೆಲ್ಲ ಖರೆ” ಎಂದ. ಅದರಲ್ಲಿ ಏನಿದೆ ಎಂದು ಅವಳಿಗೆ ಯಾರೂ ಓದಿ ಹೇಳಲಿಲ್ಲ. ಶಾಲನ್ನು ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟಳು.

ಎರಡು ವರ್ಷಗಳ ನಂತರ ಆ ಪುಸ್ತಕದ ಒಂದು ಅಧ್ಯಾಯ ಪದವಿ ತರಗತಿಗೆ ಪಾಠವಾಯಿತು. ಮಲ್ಕಮ್ಮನ ಮಗ ಜಗದೇವನ ಮಗಳು ಮಧುಮತಿ ಅದೇ ತರಗತಿಯಲ್ಲಿದ್ದಳು. ದಿನವೂ ಬಸ್ಸಿನಲ್ಲಿ ಜೇವರ್ಗಿಗೆ ಹೋಗಿ ಬರುತ್ತಿದ್ದಳು. ಪಾಠ ಶುರುವಾದ ದಿನ, “ಈ ಲೇಖಕರು ನಮ್ಮ ಮುತ್ಯಾ ಆಗಬೇಕ್ರಿ” ಎಂದು ಎದ್ದು ನಿಂತು ಹೇಳಿಕೊಂಡವಳು ಆಮೇಲಿನ ದಿನಗಳಲ್ಲಿ ಮಂಕಾದಳು. ಮಲ್ಕಮ್ಮ ಅದನ್ನು ಗಮನಿಸಿದ್ದು ಒಂದು ಸಣ್ಣ ಸಂಗತಿಯಿಂದ. ಬಸ್ಸಿಳಿದು ಬಂದ ಮೊಮ್ಮಗಳಿಗೆ ಚರಿಗೆಯಲ್ಲಿ ನೀರು ಕೊಡುವುದು ಅವಳ ರೂಢಿ. ಈಗ ಹುಡುಗಿ ಅದನ್ನು ಮುಟ್ಟದೆ ಒಳಗೆ ಹೋಗಿ ಕೊಡದಿಂದ ತಾನೇ ತುಂಬಿಕೊಳ್ಳುತ್ತಿದ್ದಳು.

“ನನ್ನ ಕೈಗೆ ಏನ ಹತ್ಯಾದ ಬೇ?” ಎಂದು ಮಲ್ಕಮ್ಮ ಒಂದು ದಿನ ಕೇಳಿಯೇ ಬಿಟ್ಟಳು.

ಮಧುಮತಿ, “ಕ್ಲಾಸಿನ್ಯಾಗ ಹುಡುಗೋರು ಚಾಷ್ಟಿ ಮಾಡ್ತಾವ ಆಯಿ. ನಿಮ್ಮ ಆಯಿ ಕೈಯಾಗ ನೀರ ಬೇಡಬಾರದವಾ ಅಂತಾವ” ಎಂದಳು. ಚೀಲದಿಂದ ಪುಸ್ತಕ ತೆಗೆದು, ತಲೆ ಎತ್ತದೆ ಓದಿದಳು: “ಅವ್ವ ನೀರು ಕೇಳಿದಳು. ಅಕ್ಕ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ನಾನು ಇಂದಿಗೂ ಅವಳನ್ನು ಕೇಳಿಲ್ಲ. ಬಡತನ ಮನುಷ್ಯರನ್ನು ಕಲ್ಲು ಮಾಡುತ್ತದೆ. ಅಕ್ಕನನ್ನು ನಾನು ಕ್ಷಮಿಸಿದ್ದೇನೆ.”

“ಕಡೀದು ಏನಂದಿ?”

“ಮಾಫ್ ಮಾಡೀನಿ ಅಂತ ಬರದಾನ ಮುತ್ಯಾ. ನಿನಗ.”

ಮಲ್ಕಮ್ಮ ಎದ್ದು ಹೋಗಿ ಕುರಿಯ ಮುಂದೆ ಮೇವು ಹಾಕಿದಳು. ಆಗಲೇ ಹಾಕಿದ್ದಳು, ಮತ್ತೆ ಹಾಕಿದಳು.

ಮರುದಿನ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದಕ್ಕೆ ಹೋದಳು. ದೇವೀಂದ್ರಪ್ಪನ ಮೂತ್ರಪಿಂಡಗಳು ಕೆಟ್ಟು ವರ್ಷವಾಗಿತ್ತು. ಮುಖ ಬಾತು, ಕೈ ಕಡ್ಡಿಯಾಗಿ, ಪುಸ್ತಕದ ಕಪಾಟಿನ ಪಕ್ಕದ ಮಂಚದಲ್ಲಿ ಮಲಗಿದ್ದ. ಅವನ ಹೆಂಡತಿ ಮಹಾನಂದಾ ಚಹಾ ಕೊಟ್ಟು ಬಾಗಿಲ ಬಳಿ ನಿಂತಳು.

“ಒಬ್ಬಾಕಿನೇ ಬಂದ್ಯಾ ಅಕ್ಕ?” ಎಂದ ದೇವೀಂದ್ರಪ್ಪ.

“ಬಸ್ಸಿನ ತುಂಬ ಮಂದಿ ಇದ್ರು. ಒಬ್ಬಾಕಿ ಹ್ಯಾಂಗಾದೇನು.” ಮಲ್ಕಮ್ಮ ಚಹಾ ಮುಗಿಸಿ ಕಪ್ಪುಬಸಿಯನ್ನು ಕೆಳಗಿಟ್ಟಳು. “ತಮ್ಮಾ, ನನಗ ಮಾಫ್ ಮಾಡೀಯಂತಲ್ಲ. ಯಾತಕ್ಕ?”

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. “ಅವ್ವನ ಮಾತಾ? ನೀನೇ ಅಂದಿದ್ದಿಯಲ್ಲ ಅಕ್ಕ. ತಲಿ ಕಡಿ ಕುಂತು, ನೀ ನೀರ ಬೇಡಿದಿಯವ್ವಾ, ನಾ ಕೊಡಲಿಲ್ಲವ್ವಾ, ನಾನೇ ನಿನ್ನ ಕೊಂದೆನವ್ವಾ ಅಂದಿ. ನಾ ನಿನ್ನ ತೊಡಿ ಮ್ಯಾಲಿದ್ದೆ. ನನ್ನ ಕಿವಿಲೇ ಕೇಳೀನಿ.”

“ಅದು ಅಳೂದೋ ತಮ್ಮಾ. ಕೋರ್ಟಿನ್ಯಾಗ ಕೊಟ್ಟ ಜಬಾನಿ ಅಲ್ಲ.”

ಅವನು ಅಕ್ಕನನ್ನೇ ನೋಡಿದ. ಹೆಂಗಸರು ಅಳುವಾಗ ಗಂಡಸರು ದೂರ ನಿಂತಿರುತ್ತಾರೆ. ಹತ್ತಿರ ಕೂತು ಮಾತು ಮಾತೂ ಕೇಳುವ ವಯಸ್ಸು ಅವನಿಗೆ ಆ ಒಂದೇ ಸಲ ಇತ್ತು. ಆಮೇಲೆ ಹಾಸ್ಟೆಲು, ಕಾಲೇಜು. ಆ ಅಳುವಿಗೆ ಒಂದು ನಡೆಯಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಅದೆಂದು ಯಾರಿಗೂ ಅನಿಸಿರಲಿಲ್ಲ.

ಮಲ್ಕಮ್ಮ ಹೇಳಿದಳು. ಅವ್ವನಿಗೆ ವಾಂತಿಭೇದಿ ಹತ್ತಿದ್ದು ಬೆಳಗ್ಗೆ. ಮನೆಯಲ್ಲಿದ್ದ ನೀರು ಬಟ್ಟೆ ತೊಳೆಯಲಿಕ್ಕೇ ತೀರಿತು. ಅವಳು ಕೊಡ ತೆಗೆದುಕೊಂಡು ದೊಡ್ಡ ಬಾವಿಗೆ ಓಡಿದಳು. ಅದು ದೌಲತರಾಯ ಗೌಡರ ಬಾವಿ. ಓಣಿಯವರು ಕಟ್ಟೆ ಹತ್ತಿ ಹಗ್ಗ ಬಿಡುವ ಹಾಗಿರಲಿಲ್ಲ, ಕೆಳಗೆ ನಿಂತು ಬೇಡಬೇಕು, ಮೇಲಿನವರು ಸೇದಿ ಕೊಡಕ್ಕೆ ಸುರಿಯಬೇಕು. ಅಂದು ಗೌಡರ ಮನೆಯಲ್ಲಿ ಏನೋ ಕಾರ್ಯ. ಬಂದವರೆಲ್ಲ ತಮ್ಮ ಕೊಡ ತುಂಬಿಕೊಂಡು ಹೋದರು. ಗೌಡರ ಹೆಂಡತಿ ಸುಭದ್ರಾಬಾಯಿ ಎರಡು ಸಲ ಬಂದು ಹೋದಳು. “ಅವ್ವಗ ಜಡ್ಡಾಗ್ಯಾದ್ರಿ ಬಾಯಾರ, ಒಂದ ಕೊಡ ಹಾಕ್ರಿ” ಎಂದರೆ, “ನಿಂದ್ರು, ಮಂದಿ ಉಣ್ಣಾಕತ್ತ್ಯಾರ” ಎಂದಳು. ಬಿಸಿಲು ನೆತ್ತಿಗೆ ಬಂತು. ಕಡೆಗೆ ಸಾಬರ ಓಣಿಯ ಪೀರಸಾಬನ ತಾಯಿ ತನ್ನ ಕೆಲಸಕ್ಕೆ ಬಂದವಳು ಇವಳನ್ನು ಕಂಡು ಸೇದಿ ಸುರಿದಳು. ಮನೆ ಮುಟ್ಟಿದಾಗ ಅವ್ವನ ಬಾಯಿ ತೆರೆದಿತ್ತು, ಉಸಿರು ಇರಲಿಲ್ಲ.

“ಅಳೂವಾಗ ಅದನ್ನ ಯಾಕ ಅನಲಿಲ್ಲ?”

“ಹ್ಯಾಂಗ ಅನ್ನಲಿ? ಗೌಡರ ಆಳು ಓಣಿ ಬಾಯಾಗೇ ನಿಂತಿದ್ದ. ಮಣ್ಣಿಗೆ ಜಾಗಾ ಅವನೇ ತೋರಸಬೇಕಿತ್ತು.”

“ಆಮ್ಯಾಲರೆ ನನಗ ಹೇಳಬೇಕಿಲ್ಲಕ್ಕ. ಇಷ್ಟು ವರ್ಷ.”

“ನೀ ಕೇಳೇ ಇಲ್ಲಂತ ನೀನೇ ಬರದೀಯಲ್ಲ.”

ದೇವೀಂದ್ರಪ್ಪ ಗೋಡೆಯ ಕಡೆ ಮುಖ ಮಾಡಿ ಮಾತಾಡಿದ. ಆ ಪುಸ್ತಕ ನಿಂತದ್ದೇ ಆ ಪುಟದ ಮೇಲೆ ಎಂದ. ವಿಮರ್ಶೆ ಬರೆದವರೆಲ್ಲ ಅದನ್ನೇ ಹೊಗಳಿದ್ದರು. ಸಿಟ್ಟಿನಿಂದ ಬರೆಯಬೇಕಾದ ಪುಟವನ್ನು ತಾನು ಕ್ಷಮೆಯಿಂದ ಬರೆದೆ ಎಂದು ಅವನೂ ಒಳಗೊಳಗೆ ಹೆಮ್ಮೆಪಟ್ಟಿದ್ದ. ಈಗ ನೋಡಿದರೆ ಸಿಟ್ಟು ಹೋಗಬೇಕಾದ ಜಾಗ ಬೇರೆಯೇ ಇತ್ತು.

“ಎರಡನೇ ಮುದ್ರಣ ಬರೂದದ. ಎಲ್ಲಾ ಬರೀತೇನಿ. ಗೌಡರ ಬಾವಿ, ಗೌಡರ ಮನಿ, ಎಲ್ಲ.”

“ಗೌಡರ ಹೆಸರ ಬ್ಯಾಡ” ಎಂದಳು ಮಲ್ಕಮ್ಮ ತಟ್ಟನೆ. “ಜಗದೇವ ಅವರ ಮನೀದೇ ಟ್ರ್ಯಾಕ್ಟರ ಹೊಡೀತಾನ. ಕಲ್ಲಿನಾಥ ಗೌಡ ಈಗ ಛೊಲೋ ಇದಾನ, ಹುಡುಗಿ ಓದ್ತದಂತ ಖುಷಿಪಡ್ತಾನ. ಅವರಪ್ಪನ ಹೆಸರ ಪುಸ್ತಕದಾಗ ಬಂದ್ರ ಇರತಾನೇನು?”

“ಹೆಸರಿಲ್ದ ಹ್ಯಾಂಗ ಬರೀಲಿ? ಮತ್ಯಾಕ ನೀರು ಬರಲಿಲ್ಲ ಅಂತ ಓದೂವರು ಕೇಳೂದಿಲ್ಲಾ?”

“ನನಗ ಗೊತ್ತಿಲ್ಲ. ನೀ ಶ್ಯಾಣ್ಯಾ ಇದ್ದಿ. ನಾ ಕೊಡಲಿಲ್ಲ ಅನ್ನೂದಷ್ಟು ತಗಿ.”

“ಅದನ್ನ ತಗದ್ರ ಆ ಪುಟದಾಗ ಏನೂ ಉಳಿಯೂದಿಲ್ಲಕ್ಕ.”

“ನನ್ನ ಹೆಸರ ಉಳೀತದ” ಎಂದಳು. ಹೊರಡುವಾಗ ಅವನ ಬಾತ ಪಾದಗಳನ್ನು ಒತ್ತಿ, ಚಾದರ ಎಳೆದಳು. “ಏನರೆ ದಾರಿ ತಗಿಯೋ ಯಪ್ಪಾ. ಹುಡುಗಿ ನನ್ನ ಕೈಯಾಗ ನೀರ ಕುಡೀವಲ್ದು.”

ಅವನು ಬರೀತೇನಿ ಎಂದ. ಬರೆಯಲಿಲ್ಲ. ತಿಂಗಳು ಕಳೆಯುವುದರೊಳಗೆ ತೀರಿಕೊಂಡ.

ಹೆಣವನ್ನು ಇಜೇರಿಗೇ ತಂದರು. ಅದು ಅವನ ಇಚ್ಛೆಯಾಗಿತ್ತು. ಮಹಾನಂದಾ ಗಾಡಿಯಿಂದ ಇಳಿದವಳೇ ಮಲ್ಕಮ್ಮನ ಕೊರಳಿಗೆ ಬಿದ್ದು, “ಕೂಡತಿದ್ರು ಅಕ್ಕ, ಹಾಳಿ ಮುಂದಿಟ್ಟುಕೊಂಡು. ಕೈಯಾಗ ಪೆನ್ನು ನಿಲ್ಲತಿರಲಿಲ್ಲ” ಎಂದಳು. ಬಾಯಲ್ಲಿ ಹೇಳಿ ನಿನ್ನ ಕೈಯಿಂದ ಬರೆಸಬಹುದಿತ್ತಲ್ಲ ಎಂಬ ಮಾತು ಮಲ್ಕಮ್ಮನ ನಾಲಿಗೆಗೆ ಬಂತು. ನುಂಗಿಕೊಂಡಳು.

ಓಣಿಯಲ್ಲಿ ಹಿಂದೆಂದೂ ಅಷ್ಟು ಜನ ಸೇರಿರಲಿಲ್ಲ. ಕಲಬುರಗಿಯ ಲೇಖಕರು, ಕಾಲೇಜಿನವರು, ಸಂಘಟನೆಯವರು. ಕಲ್ಲಿನಾಥ ಗೌಡ ದೊಡ್ಡ ಹಾರ ತಂದಿದ್ದ. ಅವನ ಹಿಂದೆ ಹೂವಿನ ಬುಟ್ಟಿ ಹಿಡಿದು ನಿಂತವನು ಜಗದೇವ. ವಂದನೆ ಮುಗಿಯಿತು. ಹೆಂಗಸರು ಹತ್ತಿರ ಸರಿದು ಕೂತರು. ಮಲ್ಕಮ್ಮ ತಲೆಯ ಬಳಿ ಕೂತಳು. ಎದುರಿಗೆ ನಾಲ್ಕೈದು ಮೊಬೈಲುಗಳು ಮೇಲೆದ್ದವು.

“ಅವನ್ನ ಕೆಳಗ ಇಡ್ರಿ” ಎಂದಳು.

“ಇರಲಿ ಆಯಿ, ಸರ್ ಅವರ ಅಭಿಮಾನಿಗಳು ನೋಡ್ತಾರ” ಎಂದ ಒಬ್ಬ ತರುಣ.

ಅವಳು ದನಿ ತೆಗೆದಳು. ತಮ್ಮನ ಹೆಸರು ಹಿಡಿದು, ಅವನು ಹುಟ್ಟಿದ ದಿನ, ಅವನನ್ನು ಹೊತ್ತು ಹೊಲಕ್ಕೆ ಹೋದದ್ದು, ಹಾಸ್ಟೆಲಿನ ಬಾಗಿಲಲ್ಲಿ ಬಿಟ್ಟು ಬಂದದ್ದು ಎಲ್ಲ ಒಂದೊಂದಾಗಿ ಬಂತು. ತಪ್ಪು ಹೊರುವ ಹೊತ್ತು ಬಂದಾಗ ಅವಳ ದನಿ ನಡೆ ಬಿಡಲಿಲ್ಲ.

“ಬ್ಯಾನ್ಯಾಗ ಮಲಗಿದ್ದಿಯೋ ತಮ್ಮಾ, ನಾ ಬಂದು ಜಗಳಾ ತಗದೆನೋ. ನಿನ್ನ ಎದಿ ನಾನೇ ಒಡದೆನೋ ತಮ್ಮಾ, ನಿನ್ನ ನಾನೇ ಕೊಂದೆನೋ.”

ಅಲ್ಲಿಗೆ ಮುಗಿಯಬೇಕಿತ್ತು. ಹೆಂಗಸರು ದನಿಗೂಡಿಸಲು ಸಿದ್ಧರಾದರು. ಮಲ್ಕಮ್ಮ ಉಸಿರು ತೆಗೆದುಕೊಂಡು ಇನ್ನೂ ಮುಂದೆ ಹೋದಳು.

“ಅವ್ವ ನೀರ ಬೇಡ್ಯಾಳಂತೋ ತಮ್ಮಾ, ನಾ ಮನ್ಯಾಗ ಇದ್ದಿಲ್ಲೋ. ದೊಡ್ಡ ಬಾವಿ ಕಟ್ಟಿ ಕೆಳಗ ನಿಂತಿದ್ದೆನೋ, ಬರೇ ಕೊಡ ಹಿಡದು ನಿಂತಿದ್ದೆನೋ. ಬಂದವರು ಬಂದ್ರೋ, ತುಂಬಿಕೊಂಡವರು ಹೋದ್ರೋ. ನಿನಗ ಹೇಳಬೇಕಿತ್ತೋ ತಮ್ಮಾ.”

ವಯಸ್ಸಾದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ದನಿಗೂಡಿಸಲಿಲ್ಲ. ಅಳುವಿನಲ್ಲಿ ತಪ್ಪನ್ನು ಹೊರುತ್ತಾರೆ, ಇಳಿಸುವುದಿಲ್ಲ. ಅಂದು ನೀರು ಸೇದಿ ಕೊಟ್ಟವಳ ಮಗ, ಹಿಂದೆ ನಿಂತ ಮುದುಕ ಪೀರಸಾಬ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಬುಟ್ಟಿ ಹಿಡಿದ ಜಗದೇವ ತಾಯಿಯನ್ನು ನೋಡಿದ, ಆಮೇಲೆ ಗೌಡನ ಬೆನ್ನನ್ನು ನೋಡಿದ. ಕಲ್ಲಿನಾಥ ಗೌಡ ಹಾರ ಹಾಕಿ, ಕೈಮುಗಿದು, ಹಿಂದಕ್ಕೆ ಸರಿದ.

“ಜಗ್ಯಾ, ದೊಡ್ಡ ಬಾವಿ ಅಂದ್ರ ನಮ್ಮದಲ್ಲೇನೋ?” ಎಂದು ಗಾಡಿ ಹತ್ತುವಾಗ ಕೇಳಿದ.

“ಯಾವುದೋ ಏನೋ ರಿ. ವಯಸ್ಸಾಗ್ಯಾದ ಅವ್ವಗ.”

“ಹೌದು. ಮುಚ್ಚಿ ಭಾಳ ದಿನಾತು ಅದು” ಎಂದ ಗೌಡ. ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ವಾರ ಟ್ರ್ಯಾಕ್ಟರಿನಲ್ಲಿ ರಂಟೆ ಹೊಡೆಯಲು ಅವನು ಬೇರೆ ಡ್ರೈವರನನ್ನು ಕರೆದ. ಅದರ ಮುಂದಿನ ವಾರವೂ ಕರೆ ಬರಲಿಲ್ಲ. ಜಗದೇವ ತಾಯಿಗೆ ಏನೂ ಅನ್ನಲಿಲ್ಲ. ಕಲಬುರಗಿಯ ಇಟ್ಟಂಗಿ ಭಟ್ಟಿಯ ಕಡೆ ಕೆಲಸ ಹುಡುಕಿಕೊಂಡು ಹೋದ.

ಅಷ್ಟರಲ್ಲಿ ಒಂದು ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ಯಾರೋ ಅದನ್ನು ಚಿಕ್ಕದಾಗಿ ಕತ್ತರಿಸಿದ್ದರು. “ನಿನ್ನ ನಾನೇ ಕೊಂದೆನೋ” ಎಂಬಲ್ಲಿಗೆ ಅದು ನಿಲ್ಲುತ್ತಿತ್ತು. ಕೆಳಗೆ ಜನ ಬರೆದಿದ್ದರು: ಇವಳೇನಾ ಆ ಅಕ್ಕ? ಕಡೆಗೂ ಒಪ್ಪಿಕೊಂಡಳು. ಪಾಪ, ಅಂಥ ದೊಡ್ಡ ಮನುಷ್ಯ.

ಮಧುಮತಿ ಆ ಅಳುವನ್ನು ಪೂರ್ತಿ ಕೇಳಿದ್ದಳು. ಮಣ್ಣು ಮುಗಿಸಿ ಬಂದ ಸಂಜೆ ಅವಳು ಅಜ್ಜಿಯ ಪಕ್ಕ ಕೂತು ಬಾವಿಯ ಸಂಗತಿಯನ್ನು ಕೇಳಿ ತಿಳಿದಳು. ಅಜ್ಜಿ ಕೊಟ್ಟ ಚರಿಗೆಯನ್ನು ಅಂದು ಎರಡೂ ಕೈಯಿಂದ ಹಿಡಿದು ಕುಡಿದಳು. ಮರುದಿನವೇ ಪ್ರಕಾಶಕರಿಗೆ ಫೋನು ಮಾಡಿದಳು. ಅತ್ತಲಿನವರು ಸೌಜನ್ಯದಿಂದಲೇ ಮಾತಾಡಿದರು. ಎರಡನೇ ಮುದ್ರಣ ಆಗಲೇ ಅಚ್ಚಿಗೆ ಹೋಗಿದೆ, ಲೇಖಕರು ಇದ್ದಿದ್ದರೆ ಮಾತು ಬೇರೆ, ಈಗ ಅವರ ಒಂದಕ್ಷರವನ್ನೂ ಮುಟ್ಟುವ ಅಧಿಕಾರ ನಮಗಿಲ್ಲ ಎಂದರು. ಕಾಲೇಜಿನ ಮೇಷ್ಟ್ರು ಪೂರ್ತಿ ಕೇಳಿ, “ನಿಮ್ಮ ಆಯಿ ಹೇಳೂದು ಖರೆ ಇರಬಹುದವಾ. ಆದ್ರ ಪಠ್ಯ ಅಂದ್ರ ಪಠ್ಯ” ಎಂದರು.

ಪರೀಕ್ಷೆ ಬಂತು. ಹಿಂದಿನ ದಿನ ಮಧುಮತಿ ಅಂಗಳದಲ್ಲಿ ಕೂತು ಓದುತ್ತಿದ್ದಳು. ಮಲ್ಕಮ್ಮ ಮೊರದಲ್ಲಿ ತೊಗರಿ ಆರಿಸುತ್ತಿದ್ದಳು.

“ಆಯಿ, ಆ ಪಾಠದಾಗ ಒಂದು ಪ್ರಶ್ನಿ ಬಂದೇ ಬರ್ತದ. ತಾಯಿಯ ಸಾವಿನ ಪ್ರಸಂಗದಲ್ಲಿ ಅಕ್ಕನ ವರ್ತನೆಯನ್ನು ವಿವರಿಸಿ, ಅಂತ. ಏನ ಬರೀಲಿ?”

ಮಲ್ಕಮ್ಮ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. “ಪುಸ್ತಕದಾಗ ಏನದ?”

“ನಿನಗ ಗೊತ್ತದಲ್ಲ.”

“ಅದೇ ಬರಿ.”

“ನಾ ಬರಿಯೂದಿಲ್ಲ ಆಯಿ. ಖರೇದು ಬರೀತೇನಿ.”

“ಖರೇದು ಬರದ್ರ ಮಾರ್ಕ್ಸ್ ಕೊಡ್ತಾರೇನು? ನಿಮ್ಮಪ್ಪ ಭಟ್ಟಿ ಮುಂದ ಕುಂತಾನ. ನೀ ಫೇಲಾಗಿ ಮನ್ಯಾಗ ಕುಂತ್ರ ಮಾಪಮ್ಮ ಎದ್ದು ಬಂದು ನೀರ ಕುಡೀತಾಳೇನು? ಅಕ್ಕ ಕೊಡಲಿಲ್ಲಂತ ಬರಿ. ಕಲ್ಲಿನಂಥಾಕಿ ಇದ್ದಳಂತ ಬರಿ. ಪಾಸಾಗು.”

ಮಧುಮತಿ ಪುಸ್ತಕ ಮಡಚಿಟ್ಟು ಒಳಗೆ ಹೋದಳು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವಳು ತಿರುಗಿ ಬಂದಾಗ ಮಲ್ಕಮ್ಮ ಚರಿಗೆ ತುಂಬಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು.

“ಬಂದಿತ್ತಾ ಆ ಪ್ರಶ್ನಿ?”

“ಬಂದಿತ್ತು.”

“ಬರದ್ಯಾ?”

“ಬರದೆ.”

“ಎಷ್ಟು ಮಾರ್ಕಿಂದು?”

“ಐದು.”

“ಐದೂ ಕೊಡ್ತಾರೇನು?”

“ಕೊಡ್ತಾರ ಆಯಿ. ನೀ ಹೇಳಿದಂಗೇ ಬರದೀನಿ.”

ಮಲ್ಕಮ್ಮ ಹೂಂ ಎಂದಳು. ಹುಡುಗಿ ನೀರು ಕುಡಿದು ಮುಗಿಸುವವರೆಗೆ ಅಲ್ಲೇ ಕೂತಿದ್ದಳು. ಓಣಿಯ ಆ ತುದಿಯಿಂದ ಯಾರೋ ಅವಳನ್ನು ಕರೆಯಲು ಬರುತ್ತಿದ್ದರು. ಆ ತುದಿಯ ಮನೆಯಲ್ಲಿ ಒಬ್ಬ ಮುದುಕಿ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದಳು. ಮಲ್ಕಮ್ಮ ಮೊಣಕಾಲಿಗೆ ಕೈಯೂರಿ ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.